ಬಾಲ್ಯ ಮುಗಿದರೂ ಮುಗಿಯದು!

ಬ್ಯಾಂಕಿನ ಗುಮಾಸ್ತೆ, ರಂಗನಟಿ, ಮಕ್ಕಳ ಟಿವಿಯ ನಗುಮುಖ, ಲೇಖಕಿ, ಕೊನೆಗೆ ಸಂಸತ್ತಿನ ಮೇಲ್ಮನೆಯ ಸದಸ್ಯೆ... ಒಂದೇ ಬದುಕಿನಲ್ಲಿ ಇಷ್ಟೆಲ್ಲ ಆದವರು ಬ್ರಿಟನ್ನಿನ ಫ್ಲೊಯೆಲ್ಲಾ ಬೆಂಜಮಿನ್. ಅವರ ಕಥೆಯಲ್ಲಿ ನಮ್ಮನೆ ಮಕ್ಕಳ ವಿಷಯವೂ ಇದೆ.

ಒಲೆ ಮೇಲೆ ಒಂದು ಕಡೆ ಕುಕ್ಕರ್ ಕೂಗ್ತಿರುತ್ತೆ. ಇನ್ನೊಂದು ಕಡೆ ಹಾಲು ಉಕ್ಕೋ ಹೊತ್ತು. ಮೂರು ವರ್ಷದ ಪುಟ್ಟ ಸೀರೆ ಸೆರಗು ಹಿಡಿದು ಎಳೀತಾ ಇದ್ದಾನೆ. ಆಗ ಏನು ಮಾಡ್ತೀರಿ? ಟಿವಿ ಹಾಕಿ ಮುಂದೆ ಕೂರಿಸ್ತೀರಿ, ಇಲ್ಲವೇ ಮೊಬೈಲ್ ಕೈಗೆ ಕೊಡ್ತೀರಿ. ಅರ್ಧ ಗಂಟೆ ಮನೆಯೆಲ್ಲ ಶಾಂತ! ಇದರಲ್ಲಿ ಬೇಜಾರು ಪಟ್ಟುಕೊಳ್ಳುವಂಥದ್ದು ಏನೂ ಇಲ್ಲ. ಒಬ್ಬರೇ ಹತ್ತು ಕೆಲಸ ಮಾಡುವಾಗ ಇನ್ನೇನು ಮಾಡೋಕಾಗುತ್ತೆ ಹೇಳಿ.

ಆದರೆ ಆ ಅರ್ಧ ಗಂಟೆಯಲ್ಲಿ ನಿಮ್ಮ ಮಗು ಪರದೆ ಮೇಲೆ ಯಾರನ್ನು ನೋಡುತ್ತೆ, ಆ ಮುಖ ಮಗುವಿಗೆ ಏನು ಹೇಳಿಕೊಡುತ್ತೆ ಅಂತ ಯೋಚಿಸಿದ್ದೀರಾ? ಎಷ್ಟು ಹೊತ್ತು ನೋಡಿತು ಅನ್ನುವುದನ್ನು ನಾವೆಲ್ಲ ಲೆಕ್ಕ ಇಡುತ್ತೇವೆ. ಯಾರನ್ನು ನೋಡಿತು ಅನ್ನುವ ಲೆಕ್ಕ ಇಡುವವರು ಕಡಿಮೆ.

ಈ ಲೆಕ್ಕವನ್ನು ಜೀವನಪೂರ್ತಿ ಇಟ್ಟ ಒಬ್ಬ ಹೆಣ್ಣುಮಗಳಿದ್ದಾರೆ. ಹೆಸರು ಫ್ಲೊಯೆಲ್ಲಾ ಬೆಂಜಮಿನ್. ನಮ್ಮಲ್ಲಿ ಹೆಚ್ಚಿನವರಿಗೆ ಈ ಹೆಸರು ಹೊಸದು. ಬ್ರಿಟನ್ನಿನಲ್ಲಿ ಎಪ್ಪತ್ತು, ಎಂಬತ್ತರ ದಶಕದಲ್ಲಿ ಬೆಳೆದವರ ಮುಂದೆ ಈ ಹೆಸರು ಹೇಳಿ ನೋಡಿ, ಮೀಸೆ ಹಣ್ಣಾದ ಗಂಡಸರ ಮುಖವೂ ಅರಳುತ್ತೆ! ಹಾಗೆ ಬೆಳೆದವರನ್ನು ಆಕೆ ಇಂದಿಗೂ ನನ್ನ ಮಕ್ಕಳು ಅಂತಲೇ ಕರೀತಾರೆ. ಬಾಲ್ಯ ಬದುಕಿಡೀ ಉಳಿಯುತ್ತೆ ಅನ್ನೋದು ಆಕೆ ಹೋದಲ್ಲೆಲ್ಲ ಹೇಳುವ ಮಾತು. ಅದು ಬರೀ ಬಾಯಿಮಾತಲ್ಲ ಅನ್ನೋದು ಅವರ ಕಥೆ ಕೇಳಿದರೆ ತಿಳಿಯುತ್ತೆ.

ಅಪ್ಪ ಅಮ್ಮ ಇಲ್ಲದ ಹದಿನೈದು ತಿಂಗಳು

ಫ್ಲೊಯೆಲ್ಲಾ ಹುಟ್ಟಿದ್ದು 1949ರ ಸೆಪ್ಟೆಂಬರ್ 23ರಂದು, ಕೆರಿಬಿಯನ್ ಸಮುದ್ರದ ಟ್ರಿನಿಡಾಡ್ ದ್ವೀಪದಲ್ಲಿ. ಕ್ರಿಕೆಟ್ ನೋಡುವ ಮನೆಯವರಿಗೆ ಬ್ರಯಾನ್ ಲಾರಾ ಊರು ಅಂದರೆ ತಟ್ಟನೆ ಗೊತ್ತಾಗುತ್ತೆ. ಆರು ಮಕ್ಕಳಲ್ಲಿ ಈಕೆ ಎರಡನೆಯವಳು. ಅಪ್ಪ ಪೊಲೀಸ್ ಕೆಲಸದಲ್ಲಿದ್ದವರು, ಜೊತೆಗೆ ಜಾಜ್ ಸಂಗೀತದ ಹುಚ್ಚು. ಅಮ್ಮನನ್ನು ಮಕ್ಕಳು ಕರೆಯುತ್ತಿದ್ದುದು ‘ಮಾರ್ಮಿ’ ಅಂತ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಬ್ರಿಟನ್ನಿನಲ್ಲಿ ಕೆಲಸಕ್ಕೆ ಜನ ಸಾಲದಾಗಿತ್ತು. ಕೆರಿಬಿಯನ್ ದ್ವೀಪಗಳಿಂದ ಸಾವಿರಾರು ಜನ ಹಡಗು ಹತ್ತಿದರು. 1948ರ ಜೂನ್‌ನಲ್ಲಿ ಬಂದ ‘ಎಂಪೈರ್ ವಿಂಡ್‌ರಷ್’ ಅನ್ನುವ ಹಡಗಿನ ಹೆಸರೇ ಆ ಇಡೀ ಪೀಳಿಗೆಗೆ ಅಂಟಿಕೊಂಡಿತು. ಫ್ಲೊಯೆಲ್ಲಾಳ ಅಪ್ಪನೂ ಆಮೇಲೆ ಇದೇ ದಾರಿ ಹಿಡಿದರು. ಸ್ವಲ್ಪ ಸಮಯದ ನಂತರ ಅಮ್ಮ ಚಿಕ್ಕ ಮಕ್ಕಳಿಬ್ಬರನ್ನು ಕಟ್ಟಿಕೊಂಡು ಹೊರಟರು. ದೊಡ್ಡ ಮಕ್ಕಳು ನಾಲ್ವರು? ದುಡ್ಡು ಕೂಡಿದ ಮೇಲೆ ಕರೆಸಿಕೊಳ್ಳೋಣ ಅಂತ ಊರಲ್ಲೇ ಬೇರೆಯವರ ಮನೆಯಲ್ಲಿ ಬಿಟ್ಟರು.

ನಾಲ್ವರೂ ಒಂದೇ ಕಡೆ ಇರಲಿಲ್ಲ, ಹಂಚಿಹೋಗಿದ್ದರು. ನೋಡಿಕೊಳ್ಳಲು ಅಪ್ಪ ಅಮ್ಮ ಹಣ ಕಳಿಸುತ್ತಿದ್ದರು. ಆದರೆ ಆ ಮನೆಯವರು ಮಕ್ಕಳನ್ನು ಆಳುಗಳ ಹಾಗೆ ದುಡಿಸಿಕೊಂಡರು, ಹೊಡೆದರು. ಮಕ್ಕಳಿಗೆ ಇದನ್ನು ಅಮ್ಮನಿಗೆ ತಿಳಿಸುವ ದಾರಿಯೇ ಇರಲಿಲ್ಲ. ಹೀಗೆ ಕಳೆದದ್ದು ಒಂದೆರಡು ದಿನವಲ್ಲ, ಹದಿನೈದು ತಿಂಗಳು! ಆಗ ಆಕೆಗೆ ಒಂಬತ್ತು, ಹತ್ತು ವರ್ಷ. ಆ ದಿನಗಳನ್ನು ನಡುವಯಸ್ಸು ದಾಟಿದ ಮೇಲೂ ಆಕೆ ಮರೆತಿಲ್ಲ. 1995ರಲ್ಲಿ ಬಂದ ‘ಕಮಿಂಗ್ ಟು ಇಂಗ್ಲೆಂಡ್’ ಅನ್ನುವ ತಮ್ಮ ಪುಸ್ತಕದಲ್ಲಿ ಮಕ್ಕಳಿಗೇ ತಿಳಿಯುವಂತೆ ಬರೆದಿದ್ದಾರೆ.

ಇಲ್ಲಿ ಸ್ವಲ್ಪ ನಿಲ್ಲೋಣ. ನಮ್ಮಲ್ಲೂ ಮಕ್ಕಳನ್ನು ಅಜ್ಜಿ ಮನೆಯಲ್ಲಿ, ಚಿಕ್ಕಮ್ಮನ ಹತ್ತಿರ, ಹಾಸ್ಟೆಲಿನಲ್ಲಿ ಬಿಡುವುದು ಇದ್ದೇ ಇದೆ. ಗಂಡನಿಗೆ ದುಬೈಯಲ್ಲಿ ಕೆಲಸ, ಇಲ್ಲವೇ ಎರಡನೇ ಹೆರಿಗೆ, ಇಲ್ಲವೇ ಮನೆ ಸಾಲ ತೀರುವ ತನಕ ಅಂತ. ಹೆಚ್ಚಿನ ಕಡೆ ಮಕ್ಕಳು ಮುದ್ದಿನಲ್ಲೇ ಬೆಳೀತಾರೆ. ಹಾಗಂತ ಎಲ್ಲ ಕಡೆ ಸರಿ ಇರುತ್ತೆ ಅಂತ ಕಣ್ಣು ಮುಚ್ಚಿಕೊಂಡು ನಂಬುವ ಹಾಗಿಲ್ಲ. ಫೋನಿನಲ್ಲಿ ‘ಚೆನ್ನಾಗಿದ್ದೀಯಾ ಪುಟ್ಟಾ?’ ಅಂತ ಕೇಳಿದರೆ ಪಕ್ಕದಲ್ಲಿ ದೊಡ್ಡವರು ನಿಂತಿರುವಾಗ ಮಗು ‘ಹೂಂ’ ಅನ್ನದೆ ಇನ್ನೇನು ಅನ್ನುತ್ತೆ? ಮಗುವನ್ನು ಒಂಟಿಯಾಗಿ ಮಾತಾಡಿಸಿ. ಊಟ ಏನು, ರಾತ್ರಿ ಯಾರ ಪಕ್ಕ ಮಲಗ್ತೀಯ, ಯಾರು ಬೈತಾರೆ ಅಂತ ಸಣ್ಣ ಸಣ್ಣ ಪ್ರಶ್ನೆ ಕೇಳಿ. ನಿಜ ಅಲ್ಲಿ ಹೊರಬರುತ್ತೆ.

ಹೊಸ ಊರು, ಹೊಸ ಶಾಲೆ, ಹೊಸ ಅವಮಾನ

1960ರಲ್ಲಿ ನಾಲ್ವರು ಮಕ್ಕಳೂ ದೊಡ್ಡವರಿಲ್ಲದೆ ಹಡಗು ಹತ್ತಿದರು. ಎರಡು ವಾರದ ಸಮುದ್ರ ಪ್ರಯಾಣ. ಇಂಗ್ಲೆಂಡಿನ ಸೌತಾಂಪ್ಟನ್ ಬಂದರಿನಲ್ಲಿ ಇಳಿದಾಗ ಮಾರ್ಮಿ ಕಾಯುತ್ತಾ ನಿಂತಿದ್ದರು. ಫ್ಲೊಯೆಲ್ಲಾಗೆ ಆಗ ಹತ್ತು ವರ್ಷ.

ಕನಸಿನ ದೇಶ ಅಂದುಕೊಂಡು ಬಂದರೆ ಸಿಕ್ಕಿದ್ದೇನು? ಲಂಡನ್ನಿನ ಚಿಸ್ವಿಕ್‌ನಲ್ಲಿ ಇಡೀ ಸಂಸಾರಕ್ಕೆ ಒಂದೇ ಕೋಣೆ. ಬೀದಿಯಲ್ಲಿ ಉಗುಳುವವರು, ಹಂಗಿಸಿ ಕೂಗುವವರು. ಶಾಲೆಯಲ್ಲಿ ತನ್ನೂರಿನ ಧಾಟಿಯಲ್ಲಿ ಇಂಗ್ಲಿಷ್ ಓದಿದರೆ ಟೀಚರೇ ಬೈದು, ಇಲ್ಲಿರಬೇಕಾದರೆ ಸರಿಯಾದ ಇಂಗ್ಲಿಷ್ ಕಲಿ ಅಂದುಬಿಟ್ಟರು. ತನ್ನೂರಿನಲ್ಲಿ ಬ್ರಿಟಿಷ್ ರಾಣಿಯನ್ನು ಕೊಂಡಾಡುತ್ತಾ, ತಾನೂ ಬ್ರಿಟಿಷಳೇ ಅಂದುಕೊಂಡು ಬೆಳೆದ ಹುಡುಗಿ ಅವಳು. ಅಂಥವಳಿಗೆ ಹೇಗಾಗಿರಬೇಡ?

ಮುಂದೆ ಬೆಕನ್‌ಹ್ಯಾಮ್ ಕಡೆ ಒಂದು ಮನೆ ಕೊಳ್ಳಲು ಅಪ್ಪ ಅಮ್ಮ ಹೊರಟರು. ಮನೆ ನೋಡೋಕೆ ಹೋದಾಗ ಅಕ್ಕಪಕ್ಕದವರು ಕಳ್ಳರು ನುಗ್ಗಿದ್ದಾರೆ ಅಂತ ಪೊಲೀಸರಿಗೆ ಫೋನ್ ಮಾಡಿದರು! ಮಾರ್ಮಿ ಹೆದರಿ ಓಡಲಿಲ್ಲ. ಆ ಮನೆಯನ್ನೇ ಕೊಂಡರು. ಮಜಾ ಕೇಳಿ, ಐವತ್ತು ವರ್ಷದ ಮೇಲೆ ಮಗಳಿಗೆ ಸಂಸತ್ತಿನ ಮೇಲ್ಮನೆಯ ಪದವಿ ಬಂದಾಗ ಆಕೆ ಇಟ್ಟುಕೊಂಡ ಬಿರುದು ‘ಬೆಕನ್‌ಹ್ಯಾಮ್‌ನ ಬ್ಯಾರನೆಸ್ ಬೆಂಜಮಿನ್’!

ಹದಿನಾಲ್ಕನೇ ವಯಸ್ಸಿನ ಇನ್ನೊಂದು ಘಟನೆಯನ್ನು ಆಕೆ ಎಷ್ಟೋ ಕಡೆ ಹೇಳಿಕೊಂಡಿದ್ದಾರೆ. ದಾರಿಯಲ್ಲಿ ಒಬ್ಬ ಹುಡುಗ ಬಣ್ಣದ ಬಗ್ಗೆ ಹೀನಾಯವಾಗಿ ಕೂಗುತ್ತಿದ್ದ. ಬಾಯಲ್ಲಿ ಲಾಲಿಪಾಪ್. ಸಿಟ್ಟು ನೆತ್ತಿಗೇರಿ ಅದನ್ನು ಅವನ ಗಂಟಲಿಗೇ ತುರುಕಿಬಿಟ್ಟಳು ಹುಡುಗಿ. ಅವನಿಗೆ ಉಸಿರು ಕಟ್ಟಿ ಮುಖದ ಬಣ್ಣವೇ ಬದಲಾಯಿತು. ಅದನ್ನು ನೋಡಿದ ಕ್ಷಣ ಅವಳಿಗೆ ಅರಿವಾಯಿತು. ಲೋಕದವರನ್ನೆಲ್ಲ ಹೀಗೆ ಹೊಡೀತಾ ಹೋಗೋಕೆ ಆಗಲ್ಲ, ನನ್ನ ಬಣ್ಣ ಬೇರೆಯವರಿಗೆ ತೊಂದರೆ ಅನ್ನಿಸಿದರೆ ಅದು ಅವರ ತೊಂದರೆ. ಅಂದಿನಿಂದ ಕೈ ಎತ್ತಲಿಲ್ಲ. ತಲೆಯನ್ನೂ ತಗ್ಗಿಸಲಿಲ್ಲ.

ನಿಮಗೆ ಅನ್ನಿಸಬಹುದು, ಇದೆಲ್ಲ ಪರದೇಶದ ಕಥೆ ಅಂತ. ಹಾಗಾದರೆ ಹುಬ್ಬಳ್ಳಿ ಕಡೆಯ ಮಗು ಬೆಂಗಳೂರಿನ ಶಾಲೆಗೆ ಸೇರಿದಾಗ ‘ಏನ್ರೀ, ಎಂಥಾ ಕನ್ನಡ ಮಾತಾಡ್ತೀರಿ’ ಅಂತ ಕ್ಲಾಸಿನವರು ಕಿಸಕ್ಕನೆ ನಗುವುದಿಲ್ಲವೇ? ಕನ್ನಡ ಮಾಧ್ಯಮದಿಂದ ಇಂಗ್ಲಿಷ್ ಮಾಧ್ಯಮಕ್ಕೆ ಬಂದ ಮಕ್ಕಳು ಒಂದು ವರ್ಷ ಬಾಯಿಯೇ ಬಿಡದೆ ಕೂರುವುದಿಲ್ಲವೇ? ಮಗು ‘ಸ್ಕೂಲಿಗೆ ಹೋಗಲ್ಲ, ಹೊಟ್ಟೆನೋವು’ ಅಂದಾಗಲೆಲ್ಲ ಸೋಮಾರಿತನ ಅಂತ ಗದರಬೇಡಿ. ಹೊಟ್ಟೆಯೊಳಗೆ ಏನು ನೋವಿದೆ ಅಂತ ಒಮ್ಮೆ ಕೇಳಿ.

ಬ್ಯಾಂಕಿನಿಂದ ರಂಗಕ್ಕೆ

ಮನೆಯ ಕಷ್ಟ, ಹದಿನಾರಕ್ಕೇ ಶಾಲೆ ಬಿಡಬೇಕಾಯಿತು. ಬಾರ್ಕ್ಲೇಸ್ ಬ್ಯಾಂಕಿನಲ್ಲಿ ಗುಮಾಸ್ತೆ ಕೆಲಸ ಸಿಕ್ಕಿತು. ಬ್ರಿಟನ್ನಿನ ಮೊದಲ ಕಪ್ಪು ವರ್ಣದ ಮಹಿಳಾ ಬ್ಯಾಂಕ್ ಮ್ಯಾನೇಜರ್ ಆಗಬೇಕು ಅನ್ನುವ ಆಸೆ. ಹಗಲು ಕೆಲಸ, ಸಂಜೆ ಓದು. ಆದರೆ ಎಷ್ಟೇ ಲೆಕ್ಕ ಬರೆದರೂ ಮನಸ್ಸು ಹಾಡು, ಕುಣಿತದ ಕಡೆಗೇ. ಅಪ್ಪನ ಸಂಗೀತದ ಹುಚ್ಚು ಮಗಳಿಗೂ ಬಂದಿತ್ತು ಅನ್ನಿ!

ಒಂದು ದಿನ ಊಟದ ಬಿಡುವಿನಲ್ಲಿ ಹೋಗಿ ‘ಹೇರ್’ ಅನ್ನುವ ಸಂಗೀತ ನಾಟಕಕ್ಕೆ ಆಡಿಷನ್ ಕೊಟ್ಟು ಬಂದರು. ಎಪ್ಪತ್ತರ ದಶಕದ ಆರಂಭದ ಮಾತು. ಆ ನಾಟಕ ಆಗ ಭಾರೀ ಸುದ್ದಿಯಲ್ಲಿತ್ತು, ಕಾರಣ ಅದರಲ್ಲಿ ನಟ ನಟಿಯರು ಬಟ್ಟೆಯಿಲ್ಲದೆ ನಿಲ್ಲುವ ಒಂದು ದೃಶ್ಯ ಇತ್ತು. ಅವಕಾಶಕ್ಕಾಗಿ ಹಾತೊರೆಯುವ ಹುಡುಗಿ ಏನು ಮಾಡಬೇಕು? ಫ್ಲೊಯೆಲ್ಲಾ ಮೊದಲೇ ಹೇಳಿಬಿಟ್ಟರು, ನಾನು ಬಟ್ಟೆ ಬಿಚ್ಚುವುದಿಲ್ಲ ಅಂತ. ಆದರೂ ಪಾತ್ರ ಸಿಕ್ಕಿತು! ತನ್ನ ಮಿತಿ ಏನು ಅನ್ನುವುದನ್ನು ಸೇರುವಾಗಲೇ ಸ್ಪಷ್ಟವಾಗಿ ಹೇಳುವುದು, ಸೇರಿದ ಮೇಲೆ ಗೊಣಗುವುದಕ್ಕಿಂತ ಎಷ್ಟೋ ವಾಸಿ. ಕಾಲೇಜು ಮುಗಿಸಿ ಕೆಲಸಕ್ಕೆ ಹೊರಟ ಮಗಳಿದ್ದರೆ ಈ ಮಾತನ್ನು ಅವಳ ಕಿವಿಗೂ ಹಾಕಿ.

ಅಲ್ಲಿಂದ ‘ಜೀಸಸ್ ಕ್ರೈಸ್ಟ್ ಸೂಪರ್‌ಸ್ಟಾರ್’, ‘ದ ಬ್ಲ್ಯಾಕ್ ಮಿಕಾಡೊ’ ಹೀಗೆ ಒಂದಾದ ಮೇಲೊಂದು ಸಂಗೀತ ನಾಟಕ. 1974ರಲ್ಲಿ ‘ವಿದಿನ್ ದೀಸ್ ವಾಲ್ಸ್’ ಅನ್ನುವ ಟಿವಿ ಧಾರಾವಾಹಿಯಲ್ಲಿ ಮಹಿಳಾ ಜೈಲಿನ ಕೈದಿಯ ಪಾತ್ರ. 1977ರಲ್ಲಿ ‘ಬ್ಲ್ಯಾಕ್ ಜಾಯ್’ ಸಿನಿಮಾ, ಅದು ಫ್ರಾನ್ಸಿನ ಕಾನ್ ಚಿತ್ರೋತ್ಸವಕ್ಕೂ ಹೋಯಿತು. ಅಲ್ಲಿಗೆ ಫ್ಲೊಯೆಲ್ಲಾ ಹೋದದ್ದು ಹೇಗೆ ಗೊತ್ತಾ? ಕೂದಲನ್ನು ಸಣ್ಣ ಸಣ್ಣ ಜಡೆಯಾಗಿ ಹೆಣೆದು, ತುದಿಗೆಲ್ಲ ಬಣ್ಣದ ಮಣಿ ಪೋಣಿಸಿಕೊಂಡು! ತಮ್ಮ ಜನರ ಗುಂಗುರು ಕೂದಲನ್ನು ನೇರ ಮಾಡಿಸಿಕೊಂಡರೇ ಚೆಂದ ಅನ್ನುವ ಕಾಲ ಅದು. ಈಕೆ ನಡೆದರೆ ಮಣಿಗಳ ಸದ್ದು. ಆ ಜಡೆಯೇ ಮುಂದೆ ಆಕೆಯ ಗುರುತಾಯಿತು.

ನಾಟಕ, ಹಾಡು, ಕುಣಿತ, ಗಂಭೀರ ಪಾತ್ರ, ಸಿನಿಮಾ, ಎಲ್ಲವೂ ಬರುತ್ತಿತ್ತು. ಇಂಥವರು ದೊಡ್ಡ ತಾರೆಯಾಗುವ ದಾರಿ ಹಿಡಿಯುತ್ತಾರೆ ಅಂತ ಯಾರಾದರೂ ಅಂದುಕೊಳ್ಳಬೇಕು. ಫ್ಲೊಯೆಲ್ಲಾ ಹೋಗಿ ಕೂತದ್ದು ಎರಡು ವರ್ಷದ, ಮೂರು ವರ್ಷದ ಮಕ್ಕಳ ಮುಂದೆ!

ಇವತ್ತು ಯಾವ ಕಿಟಕಿ?

ಬಿಬಿಸಿಯ ‘ಪ್ಲೇ ಸ್ಕೂಲ್’ ಕಾರ್ಯಕ್ರಮ ಶುರುವಾದದ್ದು 1964ರ ಏಪ್ರಿಲ್‌ನಲ್ಲಿ. ಅದು ಶುರುವಾದ ಕಥೆಯೂ ಸ್ವಾರಸ್ಯವಾಗಿದೆ. ಬಿಬಿಸಿ-2 ಅನ್ನುವ ಹೊಸ ಚಾನೆಲ್ ಭರ್ಜರಿಯಾಗಿ ಆರಂಭವಾಗಬೇಕಿದ್ದ ಸಂಜೆಯೇ ಲಂಡನ್ನಿನಲ್ಲಿ ಕರೆಂಟ್ ಹೋಯಿತು. ಮರುದಿನ ಬೆಳಿಗ್ಗೆ ಪೂರ್ತಿಯಾಗಿ ಪ್ರಸಾರವಾದ ಮೊದಲ ಕಾರ್ಯಕ್ರಮ ಇದೇ, ಪುಟಾಣಿಗಳದ್ದು!

ಕಾರ್ಯಕ್ರಮ ತುಂಬಾ ಸರಳ. ಇಬ್ಬರು ನಿರೂಪಕರು, ಒಂದಿಷ್ಟು ಗೊಂಬೆಗಳು, ಒಂದು ಗಡಿಯಾರ, ಒಂದು ಕಥೆ, ಹಾಡು. ಮತ್ತೆ ಆ ಪ್ರಸಿದ್ಧ ಕಿಟಕಿಗಳು. ಒಂದು ದುಂಡಗೆ, ಒಂದು ಚೌಕ, ಒಂದು ಕಮಾನಿನದು. ಇವತ್ತು ಯಾವ ಕಿಟಕಿಯಿಂದ ನೋಡೋಣ ಅಂತ ಮಕ್ಕಳನ್ನೇ ಕೇಳೋದು. ಕ್ಯಾಮೆರಾ ಆ ಕಿಟಕಿಯೊಳಗೆ ಹೊಕ್ಕರೆ ಹೊರಗಿನ ಲೋಕ, ಎಲ್ಲೋ ಒಂದು ಬೇಕರಿ, ಇನ್ನೆಲ್ಲೋ ಒಂದು ರೈಲು.

ಫ್ಲೊಯೆಲ್ಲಾ ಇಲ್ಲಿಗೆ ಬಂದದ್ದು 1976ರಲ್ಲಿ. ಆಕೆಗೆ ಮುಂಚೆಯೂ ಕಪ್ಪು ವರ್ಣದ ನಿರೂಪಕರು ಈ ಕಾರ್ಯಕ್ರಮದಲ್ಲಿದ್ದರು. ಆದರೆ ಮಣಿ ಪೋಣಿಸಿದ ಜಡೆಯ, ಬಾಯಿ ತುಂಬ ನಗುವ ಈ ಅಕ್ಕ ಮಕ್ಕಳ ಮನಸ್ಸಿಗೆ ಹಿಡಿಸಿದ್ದೇ ಬೇರೆ ರೀತಿ. 1988ರಲ್ಲಿ ಕಾರ್ಯಕ್ರಮ ನಿಲ್ಲುವ ತನಕ, ಹನ್ನೆರಡು ವರ್ಷ, ಆಕೆ ಅಲ್ಲಿದ್ದರು. ಜೊತೆಗೆ ಸ್ವಲ್ಪ ದೊಡ್ಡ ಮಕ್ಕಳ ‘ಪ್ಲೇ ಅವೇ’ಯಲ್ಲೂ ಕಾಣಿಸಿಕೊಂಡರು.

ಈ ಕೆಲಸ ಸುಲಭ ಅಂತ ಯಾರೂ ತಿಳಿಯಬೇಡಿ. ರಂಗದಲ್ಲಿ ಸಾವಿರ ಜನ ಎದುರಿಗಿರುತ್ತಾರೆ, ಚಪ್ಪಾಳೆ ಕೇಳಿಸುತ್ತೆ. ಇಲ್ಲಿ ಎದುರಿಗಿರುವುದು ಒಂದು ಗಾಜಿನ ಕಣ್ಣು. ಅದನ್ನೇ ಮನೆಯಲ್ಲಿ ಒಂಟಿಯಾಗಿ ಕೂತ ಒಂದು ಮಗು ಅಂತ ತಿಳಿದು, ಆ ಒಂದೇ ಮಗುವಿನ ಹತ್ತಿರ ಮಾತಾಡಬೇಕು. ಪ್ರಶ್ನೆ ಕೇಳಿ, ಉತ್ತರ ಹೇಳುವಷ್ಟು ಹೊತ್ತು ಕಾಯಬೇಕು. ಗೊಂಬೆಯ ಜೊತೆ ಮಾತಾಡುವಾಗ ಸುಳ್ಳು ಅನ್ನಿಸಬಾರದು. ಮಕ್ಕಳು ಸುಳ್ಳನ್ನು ದೊಡ್ಡವರಿಗಿಂತ ಬೇಗ ಹಿಡೀತಾರೆ ಅನ್ನೋದು ತಾಯಂದಿರಾದ ನಿಮಗೆ ಹೇಳಬೇಕಾ?

ಈಗಿನ ಕಾರ್ಟೂನು, ಮೊಬೈಲ್ ವಿಡಿಯೊಗಳ ಜೊತೆ ಇದನ್ನು ಹೋಲಿಸಿ ನೋಡಿ. ಕ್ಷಣಕ್ಕೊಂದು ಚಿತ್ರ, ಕಿವಿಗಡಚಿಕ್ಕುವ ಸಂಗೀತ. ಮಗುವಿಗೆ ಉತ್ತರ ಹೇಳಲು ಪುರುಸೊತ್ತೇ ಇಲ್ಲ. ನಿಧಾನವಾಗಿ ಮಾತಾಡುವ, ಪ್ರಶ್ನೆ ಕೇಳಿ ಕಾಯುವ ಕಾರ್ಯಕ್ರಮ ಹುಡುಕಿದರೆ ಈಗಲೂ ಸಿಗುತ್ತೆ. ಹುಡುಕುವ ಕೆಲಸ ಮಾತ್ರ ನಮ್ಮದು.

ಚಿತ್ರದಲ್ಲಿ ನನ್ನ ಥರದ ಮಗು ಎಲ್ಲಿ?

ಈಗ ಕಥೆಯ ಮುಖ್ಯ ಭಾಗಕ್ಕೆ ಬರೋಣ. ‘ಪ್ಲೇ ಸ್ಕೂಲ್’ನಲ್ಲಿ ಕಥೆ ಹೇಳುವಾಗ ಚಿತ್ರಗಳನ್ನು ತೋರಿಸುತ್ತಿದ್ದರು. ಫ್ಲೊಯೆಲ್ಲಾ ನೋಡ್ತಾರೆ, ಎಲ್ಲ ಚಿತ್ರದಲ್ಲೂ ಬಿಳಿ ಮಕ್ಕಳೇ. ಬ್ರಿಟನ್ನಿನ ಶಾಲೆಗಳಲ್ಲಿ ಆಗಲೇ ಕೆರಿಬಿಯನ್, ಭಾರತೀಯ, ಪಾಕಿಸ್ತಾನಿ, ಚೀನೀ ಮೂಲದ ಮಕ್ಕಳು ಬೇಕಾದಷ್ಟು ಇದ್ದರು. ಚಿತ್ರದಲ್ಲಿ ಮಾತ್ರ ಒಬ್ಬರೂ ಇಲ್ಲ! ನಿರ್ಮಾಪಕರ ಹತ್ತಿರ ಹೋಗಿ ಕೇಳಿಯೇಬಿಟ್ಟರು, ಬೇರೆ ಬಣ್ಣದ ಮಕ್ಕಳನ್ನೂ ಬರೆಸಬಾರದೇ ಅಂತ. ಅವರಿಗೆ ಅದು ಹೊಳೆದೇ ಇರಲಿಲ್ಲವಂತೆ. ಕೆಟ್ಟತನವೇನೂ ಇರಲಿಲ್ಲ, ಯಾರ ಕಣ್ಣಿಗೂ ಬಿದ್ದಿರಲಿಲ್ಲ ಅಷ್ಟೇ. ಕೇಳಿದ ಮೇಲೆ ಚಿತ್ರಗಳು ಬದಲಾದವು.

ಗೊಂಬೆಗಳ ಗುಂಪಿಗೂ ಹೊಸಬಳು ಬಂದಳು. ‘ಹ್ಯಾಂಬಲ್’ ಅನ್ನುವ ಹಳೆಯ ಗೊಂಬೆಯ ಜಾಗಕ್ಕೆ 1986ರಲ್ಲಿ ‘ಪಾಪಿ’ ಅನ್ನುವ ಕಪ್ಪು ಬಣ್ಣದ ಗೊಂಬೆ ಬಂತು. ಗೊಂಬೆ ತಾನೇ, ಅದರಲ್ಲೇನಿದೆ ಅಂತೀರಾ? ಟಿವಿಯಲ್ಲಿ ತನ್ನ ಬಣ್ಣದ ಗೊಂಬೆಯನ್ನು ಎಲ್ಲರೂ ಮುದ್ದು ಮಾಡುವುದನ್ನು ಮೊದಲ ಸಲ ನೋಡಿದ ಮಗುವನ್ನು ನೆನೆದುಕೊಳ್ಳಿ.

ನಮ್ಮಲ್ಲೂ ಇದರ ರುಚಿ ನೋಡಿದವರಿದ್ದಾರೆ. ಎಂಬತ್ತರ ದಶಕದಲ್ಲಿ ದೂರದರ್ಶನದಲ್ಲಿ ‘ಮಾಲ್ಗುಡಿ ಡೇಸ್’ ಬಂದಾಗ ಶಂಕರ್ ನಾಗ್ ಅದನ್ನು ಚಿತ್ರಿಸಿದ್ದು ನಮ್ಮ ಆಗುಂಬೆಯಲ್ಲಿ. ಸ್ವಾಮಿಯಾಗಿ ಓಡಾಡಿದ್ದು ನಮ್ಮ ಮಾಸ್ಟರ್ ಮಂಜುನಾಥ್. ಹೆಂಚಿನ ಮನೆ, ಜಗಲಿ, ಟೋಪಿ, ಚೀಲ ಹೊತ್ತ ಹುಡುಗ... ಆ ಕಾಲದ ಮಕ್ಕಳು ಅದಕ್ಕೆ ಅಷ್ಟು ಅಂಟಿಕೊಂಡದ್ದು ಯಾಕೆ? ಟಿವಿಯಲ್ಲಿ ತಮ್ಮ ಮನೆಯಂಥ ಮನೆ, ತಮ್ಮಂಥ ಮುಖ ಕಂಡಿತು, ಅದಕ್ಕೆ.

ಈಗ ನಮ್ಮ ಮನೆಯೊಳಗೆ ಬನ್ನಿ. ಮಗು ಹುಟ್ಟಿದ ತಕ್ಷಣ ನೋಡಲು ಬಂದವರು ಕೇಳುವ ಮೊದಲ ಪ್ರಶ್ನೆ ಯಾವುದು? ಗಂಡೋ ಹೆಣ್ಣೋ. ಎರಡನೆಯದು? ಬಣ್ಣ ಹೇಗಿದೆ! ‘ಸ್ವಲ್ಪ ಕಪ್ಪು, ಆದರೆ ಲಕ್ಷಣವಾಗಿದೆ’ ಅಂತ ಒಬ್ಬರು. ‘ಕಡಲೆಹಿಟ್ಟು ಹಚ್ಚಿ, ಬಣ್ಣ ಬಿಡುತ್ತೆ’ ಅಂತ ಇನ್ನೊಬ್ಬರು. ಅಕ್ಕ ಬೆಳ್ಳಗೆ, ತಂಗಿ ಕಪ್ಪು ಆದರಂತೂ ಮುಗೀತು, ಮದುವೆ ಮನೆಯಲ್ಲಿ ಹತ್ತು ಜನರೆದುರು ಹೋಲಿಕೆ. ಹೇಳಿದವರು ಮರೆತು ಹೋಳಿಗೆ ತಿಂದುಕೊಂಡು ಹೋಗ್ತಾರೆ. ಮಗು ಮರೆಯುತ್ತಾ?

ಅಂಗಡಿಯ ಕ್ರೀಮಿನ ಡಬ್ಬಿ ಕೂಡ ಬದಲಾಯಿತು. 2020ರಲ್ಲಿ ‘ಫೇರ್ ಆಂಡ್ ಲವ್ಲಿ’ ಹೆಸರಿನಿಂದ ‘ಫೇರ್’ ಹೋಗಿ ‘ಗ್ಲೋ’ ಬಂತು. ಡಬ್ಬಿಯ ಮೇಲಿನ ಪದ ಒಂದೇ ವರ್ಷದಲ್ಲಿ ಹೋಯಿತು. ನಮ್ಮ ನಾಲಿಗೆ ಮೇಲಿನ ಪದ ಹೋಗೋದು ಯಾವಾಗ? ಬಿಬಿಸಿಯ ಆ ನಿರ್ಮಾಪಕರ ಹಾಗೆ ನಾವೂ ಕೆಟ್ಟವರೇನಲ್ಲ, ಗಮನಿಸಿಲ್ಲ ಅಷ್ಟೇ. ಆದರೆ ಒಮ್ಮೆ ಗಮನಕ್ಕೆ ಬಂದ ಮೇಲೂ ಹಾಗೇ ಆಡಿದರೆ ಅದಕ್ಕೆ ನೆಪ ಇಲ್ಲ.

ಮಕ್ಕಳ ಪರ ಹಠ

‘ಪ್ಲೇ ಸ್ಕೂಲ್’ ನಿಂತಾಗ ಫ್ಲೊಯೆಲ್ಲಾ ಮನೆಯಲ್ಲಿ ಕೂರಲಿಲ್ಲ. 1987ರಲ್ಲೇ ಗಂಡನ ಜೊತೆ ಸೇರಿ ಸ್ವಂತ ನಿರ್ಮಾಣ ಸಂಸ್ಥೆ ಕಟ್ಟಿದ್ದರು. ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ‘ಟ್ರೀ ಹೌಸ್’ನಂಥ ಮಕ್ಕಳ ಕಾರ್ಯಕ್ರಮ ಮಾಡಿದರು, ಪುಸ್ತಕ ಬರೆದರು. ‘ಕಮಿಂಗ್ ಟು ಇಂಗ್ಲೆಂಡ್’ ಪುಸ್ತಕ 2003ರಲ್ಲಿ ಟಿವಿ ಚಿತ್ರವೂ ಆಯಿತು. ನಟನೆಯನ್ನೂ ಬಿಡಲಿಲ್ಲ. 2007ರಿಂದ ‘ದ ಸಾರಾ ಜೇನ್ ಅಡ್ವೆಂಚರ್ಸ್’ ಅನ್ನುವ ಮಕ್ಕಳ ಧಾರಾವಾಹಿಯಲ್ಲಿ ಪ್ರೊಫೆಸರ್ ರಿವರ್ಸ್ ಆಗಿ ಬಂದರು. ಪ್ರಾಣಿಗಳ ಬಗ್ಗೆ ಪುಟಾಣಿಗಳಿಗೆ ಹೇಳುವ ‘ಮಾಮಾ ಮಿರಬೆಲ್’ ಅನ್ನುವ ಆನೆಗೆ ಬ್ರಿಟನ್ನಿನಲ್ಲಿ ಆಕೆಯದೇ ದನಿ.

ಇದರ ಜೊತೆಗೇ ಒಂದು ಹಠ ನಡೆದಿತ್ತು. ಸರ್ಕಾರದಲ್ಲಿ ಮಕ್ಕಳಿಗಾಗಿಯೇ ಒಬ್ಬ ಮಂತ್ರಿ ಬೇಕು ಅಂತ ಆಕೆ ಬಾಗಿಲು ಬಾಗಿಲು ತಟ್ಟುತ್ತಿದ್ದರು. ಸುಮಾರು ಇಪ್ಪತ್ತು ವರ್ಷ! 2003ರಲ್ಲಿ ಬ್ರಿಟನ್ನಿನಲ್ಲಿ ಅಂಥ ಹುದ್ದೆ ಹುಟ್ಟಿತು. ನಮ್ಮಲ್ಲಿ ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆ ಕೇಂದ್ರದಲ್ಲಿ ಪೂರ್ಣ ಸಚಿವಾಲಯವಾದದ್ದು 2006ರಲ್ಲಿ ಅನ್ನುವುದನ್ನು ನೆನಪಿಸಿಕೊಂಡರೆ, ಇದು ಯಾವ ದೇಶದಲ್ಲೂ ತಾನಾಗಿ ಆಗುವ ಕೆಲಸವಲ್ಲ ಅಂತ ತಿಳಿಯುತ್ತೆ.

2010ರಲ್ಲಿ ಆಕೆ ಹೌಸ್ ಆಫ್ ಲಾರ್ಡ್ಸ್ ಸೇರಿದರು. ನಮ್ಮ ರಾಜ್ಯಸಭೆಯ ಥರದ ಮೇಲ್ಮನೆ ಅದು. ಅಲ್ಲೂ ಮಕ್ಕಳ ಮಾತೇ. ಟಿವಿ ಕಂಪನಿಗಳು ಖರ್ಚು ಜಾಸ್ತಿ, ಲಾಭ ಕಡಿಮೆ ಅಂತ ಮಕ್ಕಳ ಕಾರ್ಯಕ್ರಮ ಕೈಬಿಡತೊಡಗಿದಾಗ ದನಿ ಎತ್ತಿದರು. 2015ರಲ್ಲಿ ಅಲ್ಲಿ ಮಕ್ಕಳ ಟಿವಿ ಕಾರ್ಯಕ್ರಮಗಳಿಗೆ ತೆರಿಗೆ ರಿಯಾಯಿತಿ ಬಂದದ್ದರ ಹಿಂದೆ ಇಂಥ ದನಿಗಳಿದ್ದವು. ಮಕ್ಕಳ ಸೇವಾಸಂಸ್ಥೆ ಬರ್ನಾಡೋಸ್‌ಗೆ ಹಣ ಕೂಡಿಸಲು ಲಂಡನ್ ಮ್ಯಾರಥಾನನ್ನು ಹತ್ತು ಸಲ ಓಡಿದವರು ಈಕೆ. ನಡುವಯಸ್ಸಿನಲ್ಲಿ!

ಗೌರವಗಳ ಪಟ್ಟಿ ಉದ್ದವಿದೆ. 2006ರಿಂದ ಹತ್ತು ವರ್ಷ ಎಕ್ಸಿಟರ್ ವಿಶ್ವವಿದ್ಯಾಲಯದ ಕುಲಾಧಿಪತಿ. ಪದವಿ ಪಡೆಯಲು ಬಂದ ವಿದ್ಯಾರ್ಥಿಗಳನ್ನು ಅಪ್ಪಿಕೊಂಡು ಕಳಿಸುತ್ತಿದ್ದ ಕುಲಾಧಿಪತಿ! 2020ರಲ್ಲಿ ‘ಡೇಮ್’ ಪದವಿ. 2022ರ ಜೂನ್ 22ರಂದು ಲಂಡನ್ನಿನ ವಾಟರ್ಲೂ ರೈಲು ನಿಲ್ದಾಣದಲ್ಲಿ ವಿಂಡ್‌ರಷ್ ಪೀಳಿಗೆಯ ಸ್ಮಾರಕ ನಿಂತಿತು, ಅದರ ಸಮಿತಿಯ ಅಧ್ಯಕ್ಷೆ ಈಕೆಯೇ. ಪೆಟ್ಟಿಗೆ ಹಿಡಿದು ಬಂದ ಅಪ್ಪ, ಅಮ್ಮ, ಮಗು ಕೈ ಕೈ ಹಿಡಿದು ನಿಂತ ಪ್ರತಿಮೆ ಅದು. 2023ರ ಮೇ 6ರಂದು ಮೂರನೇ ಚಾರ್ಲ್ಸ್ ಅವರ ಪಟ್ಟಾಭಿಷೇಕದಲ್ಲಿ ಪಾರಿವಾಳದ ರಾಜದಂಡ ಹಿಡಿದು ನಡೆದದ್ದೂ ಆಕೆಯೇ. 2024ರಲ್ಲಿ ಬಾಫ್ಟಾ ಸಂಸ್ಥೆಯ ಫೆಲೋಶಿಪ್, ಅಲ್ಲಿನ ಸಿನಿಮಾ, ಟಿವಿ ಲೋಕದ ಅತಿ ದೊಡ್ಡ ಗೌರವ.

ಸರಿಯಾಗಿ ಇಂಗ್ಲಿಷ್ ಮಾತಾಡಲು ಬರಲ್ಲ ಅಂತ ಬೈಸಿಕೊಂಡ ಹುಡುಗಿ ಅದೇ ದೇಶದ ಲಕ್ಷಾಂತರ ಮಕ್ಕಳಿಗೆ ಟಿವಿಯಲ್ಲಿ ಇಂಗ್ಲಿಷ್ ಕಥೆ ಹೇಳಿದಳು. ಇದಕ್ಕಿಂತ ಚೆಂದದ ಉತ್ತರ ಬೇಕೇ?

ನಾವೇನು ಮಾಡಬಹುದು?

* ಚಿತ್ರ ನೋಡಿ ಪುಸ್ತಕ ಕೊಳ್ಳಿ: ಕಥೆ ಪುಸ್ತಕ ತೆಗೆಯುವಾಗ ಬೆಲೆಯ ಜೊತೆ ಚಿತ್ರವನ್ನೂ ನೋಡಿ. ನಮ್ಮಂಥ ಮನೆ, ನಮ್ಮಂಥ ಮಕ್ಕಳು ಇದ್ದಾರಾ? ರಾಕ್ಷಸ ಯಾವಾಗಲೂ ಕಪ್ಪು, ರಾಜಕುಮಾರಿ ಯಾವಾಗಲೂ ಬಿಳುಪಾ? ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಕನ್ನಡ ಪುಸ್ತಕಗಳಲ್ಲಿ ನಮ್ಮ ಊರು ಕೇರಿಯ ಮಕ್ಕಳೇ ಇರುತ್ತಾರೆ. ಅವರ ಸ್ಟೋರಿವೀವರ್ ತಾಣದಲ್ಲಿ ಕಥೆಗಳನ್ನು ಪುಕ್ಕಟೆ ಓದಬಹುದು.

* ಹತ್ತು ನಿಮಿಷ ಪಕ್ಕದಲ್ಲಿ ಕೂತ್ಕೊಳ್ಳಿ: ದಿನವಿಡೀ ಆಗಲ್ಲ, ಗೊತ್ತು. ಅವರೆಕಾಳು ಬಿಡಿಸುತ್ತಲೋ, ಸೊಪ್ಪು ಸೋಸುತ್ತಲೋ ಮಗುವಿನ ಜೊತೆ ಕೂತು ಅದು ನೋಡುವುದನ್ನೇ ನೀವೂ ನೋಡಿ. ‘ಅವನು ಯಾಕೆ ಅತ್ತ? ನೀನಾಗಿದ್ರೆ ಏನು ಮಾಡ್ತಿದ್ದೆ?’ ಅಂತ ಕೇಳಿ, ಉತ್ತರಕ್ಕೆ ಕಾಯಿರಿ.

* ಹೊತ್ತಿನ ಲೆಕ್ಕವೂ ಇರಲಿ: 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಪ್ರಕಾರ 2ರಿಂದ 4 ವರ್ಷದ ಮಕ್ಕಳಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚು ಪರದೆ ಬೇಡ, ಕಡಿಮೆಯಾದಷ್ಟೂ ಒಳ್ಳೆಯದು. ಎರಡು ವರ್ಷ ತುಂಬದ ಕೂಸುಗಳನ್ನು ಪರದೆ ಮುಂದೆ ಕೂರಿಸುವುದೇ ಬೇಡ.

* ಬಣ್ಣದ ಮಾತಿಗೆ ಅಲ್ಲೇ ಉತ್ತರ ಕೊಡಿ: ‘ಸ್ವಲ್ಪ ಕಪ್ಪು ಅಲ್ವಾ?’ ಅಂತ ನೆಂಟರು ಅಂದರೆ ಜಗಳ ಬೇಡ. ‘ನಮ್ಮ ಪುಟ್ಟಿ ಬಣ್ಣ ನಮಗೆ ಇಷ್ಟ’ ಅಂತ ನಗುನಗುತ್ತಾ, ಮಗುವಿಗೆ ಕೇಳುವ ಹಾಗೆ ಹೇಳಿ. ನೆಂಟರು ಬದಲಾಗದಿದ್ದರೂ ಪರವಾಗಿಲ್ಲ. ಅಮ್ಮ ತನ್ನ ಪರ ಇದ್ದಾಳೆ ಅಂತ ಮಗುವಿಗೆ ತಿಳಿದರೆ ಸಾಕು.

* ಬಿಟ್ಟು ಹೋಗುವಾಗ ಸುಳ್ಳು ಬೇಡ: ‘ಅಂಗಡಿಗೆ ಹೋಗಿ ಬರ್ತೀನಿ’ ಅಂತ ಕದ್ದು ಹೋಗಬೇಡಿ. ಯಾವ ಹಬ್ಬಕ್ಕೆ ಬರ್ತೀರಿ ಅಂತ ಕ್ಯಾಲೆಂಡರಿನಲ್ಲಿ ಗುರುತು ಹಾಕಿ ತೋರಿಸಿ. ಅಣ್ಣ ತಮ್ಮ, ಅಕ್ಕ ತಂಗಿಯರನ್ನು ಆದಷ್ಟೂ ಒಂದೇ ಕಡೆ ಇರಿಸಿ. ಎಲ್ಲಾದರೂ ಮಗುವಿಗೆ ಹಿಂಸೆ ಆಗುತ್ತಿದೆ ಅನ್ನಿಸಿದರೆ ಮಕ್ಕಳ ಸಹಾಯವಾಣಿ 1098 ಇದೆ, ನೆರೆಮನೆಯ ಮಗುವಿಗಾಗಿಯೂ ಕರೆ ಮಾಡಬಹುದು.

* ಆಡುಮಾತನ್ನು ಹಂಗಿಸಬೇಡಿ: ಮಂಗಳೂರು, ಧಾರವಾಡ, ಕಲಬುರ್ಗಿ, ಮೈಸೂರು, ಯಾವ ಕಡೆಯ ಕನ್ನಡವಾದರೂ ಅದು ಮಗು ಅಮ್ಮನಿಂದ ಕಲಿತದ್ದು. ಇಂಗ್ಲಿಷ್ ಕಲಿಸಿ, ಬೇಡ ಅನ್ನಲ್ಲ. ಅದಕ್ಕಾಗಿ ಮನೆ ಮಾತಿಗೆ ನಾಚುವುದನ್ನು ಕಲಿಸಬೇಡಿ.

* ನಿಮ್ಮನ್ನೂ ಮರೀಬೇಡಿ: ಹದಿನಾರಕ್ಕೆ ಶಾಲೆ ಬಿಟ್ಟ ಫ್ಲೊಯೆಲ್ಲಾ ಒಂದು ಬಾಗಿಲು ಮುಚ್ಚಿದಾಗಲೆಲ್ಲ ಇನ್ನೊಂದನ್ನು ತಟ್ಟಿದರು. ಮದುವೆಯ ನಂತರ ಮೂಲೆ ಸೇರಿದ ನಿಮ್ಮ ಹಾರ್ಮೋನಿಯಂ, ನಿಮ್ಮ ಕಾಲೇಜಿನ ನಾಟಕದ ಗೀಳು, ನಿಮ್ಮ ಕಥೆ ಹೇಳುವ ಕಲೆ... ಧೂಳು ಕೊಡವಿ ಹೊರಗೆ ತೆಗೆಯಿರಿ. ಅಪಾರ್ಟ್‌ಮೆಂಟಿನ ಹತ್ತು ಮಕ್ಕಳನ್ನು ಭಾನುವಾರ ಸಂಜೆ ಕೂರಿಸಿಕೊಂಡು ಒಂದು ಕಥೆ ಹೇಳಿ ನೋಡಿ. ಕ್ಯಾಮೆರಾ ಬೇಡ, ಬಿಬಿಸಿಯೂ ಬೇಡ.

ಆ ಹತ್ತು ಮಕ್ಕಳಲ್ಲಿ ಯಾರೋ ಒಬ್ಬರು ಮೂವತ್ತು ವರ್ಷದ ಮೇಲೆ ಬೀದಿಯಲ್ಲಿ ಸಿಕ್ಕಿ ‘ಆಂಟಿ, ನೀವು ಹೇಳಿದ ಕಥೆ ಇನ್ನೂ ನೆನಪಿದೆ’ ಅಂದರೆ? ಹೇಳಿ, ಅದಕ್ಕಿಂತ ದೊಡ್ಡ ಪದಕ ಯಾವುದಿದೆ?